ನಮ್ಯಾಲೊಳ ಸೋದರತ್ತೆ

ನನ್ನ ಅತ್ತಿಗೆ, ಎಂದರೆ ಗಂಡನ ಅಕ್ಕ, ನಂಕ್ಯಾ ಮಿಟ್ಯಾನಾ ಪೇಟೆಯಲ್ಲಿ ಗೊಮೆಸಿ ಹೊಲಿಯುವವಳು. ಹೆಂಗಸರ ಹಬ್ಬದುಡುಗೆ ಅದು. ನಮ್ಮಲ್ಲಿ ಹೆಣ್ಣುಮಗುವಿಗೆ ನಡೆನುಡಿ ಕಲಿಸುವ ಹೊಣೆ ಹೆತ್ತವಳದಲ್ಲ, ಸೋದರತ್ತೆಯದು. ನನ್ನ ಕಿರಿಮಗಳು ನಮ್ಯಾಲೊ ಹಿರಿಯರೆದುರು ಮಂಡಿಯೂರುತ್ತಿರಲಿಲ್ಲ, ಮುಖ ನೋಡಿ ಮಾತಾಡುತ್ತಿರಲಿಲ್ಲ, ಮೋಡಗಳ ಸುದ್ದಿ ಎತ್ತಿದರೆ ನಿಲ್ಲಿಸುತ್ತಿರಲಿಲ್ಲ. ಊರವರು ಆಡಿಕೊಂಡದ್ದು ನಂಕ್ಯಾಳನ್ನೇ: "ಊರಿಗೆಲ್ಲ ಬಟ್ಟೆ ಹೊಲೀತಾಳೆ, ತಮ್ಮನ ಮಗಳಿಗೆ ಬುದ್ಧಿ ಹೊಲಿಯೋಕಾಗಲಿಲ್ಲ."

ಕಂಪಾಲದ ಡಾಕ್ಟರು ಅದಕ್ಕೆ ಆಸ್ಪರ್ಜರ್ ಎಂದರು. ಈಗ ಅದನ್ನೂ ಆಟಿಸಂ ಅಂತಲೇ ಕರೆಯುತ್ತಾರಂತೆ. "ರೋಗ ಅಲ್ಲಮ್ಮ. ಲೋಕ ಅವಳಿಗೆ ಕಾಣೋ ರೀತಿ ಬೇರೆ. ಆಡಿದ ಮಾತನ್ನ ಆಡಿದ ಹಾಗೇ ತಗೊಳ್ತಾಳೆ." ನನಗೆ ಅಳು ಬಂತು. ನಂಕ್ಯಾಳಿಗೆ ಬರಲಿಲ್ಲ. "ಹಾಗಾದ್ರೆ ಆಮೇಲೆ ಗದರೋದಲ್ಲ, ಮುಂಚೇನೇ ಹೇಳಿಡಬೇಕು," ಎಂದಳು.

ಯಾರು ಬರುತ್ತಾರೆ, ಏನು ಕೇಳುತ್ತಾರೆ, ಎಲ್ಲವನ್ನೂ ಅಂದಿನಿಂದ ಮೊದಲೇ ಹೇಳತೊಡಗಿದಳು. ಮಂಡಿಯೂರದ್ದು ಹಟವಲ್ಲ, ಗೊಮೆಸಿಯ ಗಡಸು ಬಟ್ಟೆ ಮೈಗೆ ಚುಚ್ಚುತ್ತದೆ ಎಂದು ಕಂಡುಹಿಡಿದವಳೂ ಅವಳೇ. ಹಳೇ ಹತ್ತಿ ಹೊದಿಕೆಯ ಒಳಪದರ ಕೊಟ್ಟು ಹೊಸದೊಂದು ಹೊಲಿದಳು. ಹುಡುಗಿ ಮಂಡಿಯೂರಿದಳು.

ದೊಡ್ಡ ಮಗಳನ್ನು ಕೇಳಲು ಗಂಡಿನ ಕಡೆಯವರು ಬರುವ ದಿನ ಗೊತ್ತಾಯಿತು. ಅಂದು ಎರಡೂ ಕಡೆಯ ಪರವಾಗಿ ಮಾತಾಡಲು ಒಬ್ಬೊಬ್ಬ ಮಾತುಗಾರ; ನಮ್ಮ ಕಡೆಗೆ ನನ್ನ ಮೈದುನ ಕಿಬೂಕ. "ನಮ್ಯಾಲೊನ ಆ ದಿನ ಅಜ್ಜಿ ಮನೇಲಿ ಬಿಡಿ, ಮಾನ ಹೋಗುತ್ತೆ," ಎಂದ.

ನಂಕ್ಯಾ ಹೊಲಿಗೆಯಿಂದ ತಲೆಯೆತ್ತಲಿಲ್ಲ. "ಅವಳಿಲ್ಲದಿದ್ರೆ ನಾನೂ ಇಲ್ಲ. ಮದುಮಗಳನ್ನ ಹೊರಗೆ ಕರ್ಕೊಂಡು ಬರೋ ಸೋದರತ್ತೆ ಕೆಲಸಕ್ಕೆ ನೀನೇ ಗೊಮೆಸಿ ಉಟ್ಕೋ."

ಎಲ್ಲಿ ಕೂರಬೇಕು, ಹೇಗೆ ವಂದಿಸಬೇಕು, ಎಲ್ಲ ಹೇಳಿಕೊಟ್ಟಳು, ಒಂದನ್ನು ಬಿಟ್ಟು. ಅದನ್ನು ಹೇಳಿಕೊಡಬೇಕೆಂದು ನಮ್ಮಲ್ಲಿ ಯಾರ ತಲೆಗೂ ಹೊಳೆಯುವುದಿಲ್ಲ.

ಉಡುಗೊರೆಯ ಬುಟ್ಟಿ ಹೊತ್ತು ಬಂದವರ ಎದುರು ಕಿಬೂಕ ಪದ್ಧತಿಯಂತೆ ಗುರುತೇ ಇಲ್ಲದವನ ಹಾಗೆ ಮುಖ ಗಂಟಿಕ್ಕಿದ. "ಯಾರ್ರೀ ನೀವು? ದಾರಿ ತಪ್ಪಿರಬೇಕು. ಈ ಮನೇಲಿ ಮದುವೆಗಿರೋ ಹುಡುಗೀನೇ ಇಲ್ಲ."

ನಮ್ಯಾಲೊ ಎದ್ದು ನಿಂತಳು. "ಇದ್ದಾಳೆ ಚಿಕ್ಕಪ್ಪ, ಒಳಗಿನ ಕೋಣೇಲಿ. ಬೆಳಿಗ್ಗೆಯಿಂದ ಕಿಟಕೀಲಿ ಇವರ ಕಾರಿಗೆ ಕಾಯ್ತಿದ್ಲು. ಆ ಕನ್ನಡಕದವರೇ ಗಂಡು."

ಕಿಬೂಕ ನನ್ನನ್ನು ಸುಡುವಂತೆ ನೋಡಿದ. ಅಷ್ಟರಲ್ಲಿ ನಂಕ್ಯಾ ಹೊರಗೆ ಬಂದಳು.

"ತಪ್ಪು ಮಗೂದಲ್ಲ. ಇದು ಆಟ ಅಂತ ನಾನು ಹೇಳಿಕೊಡಲಿಲ್ಲ. ಇವಳು ನಮ್ಮ ಮನೆ ಮಗಳು. ಇದ್ದದ್ದನ್ನ ಇದ್ದ ಹಾಗೆ ಹೇಳ್ತಾಳೆ." ತಲೆ ತಗ್ಗಿಸಲಿಲ್ಲ ನನ್ನ ಅತ್ತಿಗೆ. ನನ್ನೆದೆ ಉಬ್ಬಿತು.

ಗಂಡಿನ ಕಡೆಯ ಮಾತುಗಾರ, ಮುದುಕ ಸೆಮಂಡ, ಕೋಲೂರಿ ಮುಂದೆ ಬಂದ. "ನೀನು ಕೂತ್ಕೋ ಕಿಬೂಕ, ಉತ್ತರ ಕೊಡೋರು ಸಿಕ್ಕಿದ್ರು. ಮಗೂ, ನಮ್ಮ ಹುಡುಗ ನಿಮ್ಮಕ್ಕನಿಗೆ ಇಷ್ಟಾನಾ?"

"ಹೂಂ. ಅವರ ಶೂ ಮಾತ್ರ ಇಷ್ಟ ಇಲ್ಲ."

ನಗು ಸಿಡಿಯಿತು. ನಮ್ಯಾಲೊ ಕಿವಿ ಮುಚ್ಚಿಕೊಂಡಳು. ಅದನ್ನು ಕಂಡ ಸೆಮಂಡ ಕೋಲೆತ್ತಿ ತನ್ನವರನ್ನೆಲ್ಲ ಸುಮ್ಮನಾಗಿಸಿದ. ಸದ್ದಡಗಿದ ಮೇಲೆ ನಮ್ಯಾಲೊ ಅತ್ತೆ ಕಲಿಸಿದಂತೆಯೇ ಅವನ ಮುಂದೆ ಮಂಡಿಯೂರಿದಳು.

ಊಟದ ಹೊತ್ತಿಗೆ ಕಿಬೂಕ ನಂಕ್ಯಾಳ ಹತ್ತಿರ ಬಂದು ಕೆಮ್ಮಿದ. "ಅಕ್ಕಾ, ನನ್ನ ಮಗಳನ್ನ ಕೇಳೋಕೆ ಬರೋ ದಿನ ನಮ್ಯಾಲೊನೂ ಬರಲಿ."

"ಬರ್ತಾಳೆ. ಏನೇನು ಸುಳ್ಳು ಹೇಳೋದಿದೆ ಅಂತ ಮೊದಲೇ ಅವಳಿಗೆ ಹೇಳಿಡು."