ಈಗ ತಾನೇ ಕುಡಿದ್ರಲ್ಲ

ನಿನ್ನೆ ನಮ್ಮ ಯಜಮಾನರು ಮೊಮ್ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡರು. ಒಂದು ಗಳಿಗೆಯಲ್ಲ, ಅರ್ಧ ಗಂಟೆ. ಮಗು ಅವರ ಹೆಬ್ಬೆರಳು ಹಿಡಿದುಕೊಂಡೇ ನಿದ್ದೆ ಹೋಯಿತು. ತೊಟ್ಟಿಲಿಗೆ ಹಾಕುವ ಶಾಸ್ತ್ರಕ್ಕೆ ಬಂದವರೆಲ್ಲ ಮಗುವನ್ನು ನೋಡುತ್ತಿದ್ದರೆ ನಾನು ಇವರನ್ನೇ ನೋಡುತ್ತಿದ್ದೆ. ಸಂತೋಷ ತಡೆಯಲಾರದೆ ಹೂವಿನವಳಿಗೂ ಹೇಳಿದೆ, ಹಾಲಿನವನಿಗೂ ಹೇಳಿದೆ. ಸಾಲದೆ ಈಗ ಬರೆಯುತ್ತಿದ್ದೇನೆ.

ಮೂರು ತಿಂಗಳ ಹಿಂದೆ ಇವರನ್ನು ಮನೆಯಿಂದ ಕಳಿಸಿಬಿಡಲು ಹೊರಟಿದ್ದೆವು.

ಇವರು ಗಾರೆ ಮೇಸ್ತ್ರಿ. ಯಲಹಂಕದಿಂದ ಬ್ಯಾಟರಾಯನಪುರದವರೆಗೆ ಎಷ್ಟೋ ಮನೆಗಳ ಗೋಡೆ ಇವರ ಕೈಯಲ್ಲಿ ಎದ್ದಿದೆ. ಎರಡು ವರ್ಷದ ಹಿಂದೆ, ತಾವೇ ನಾಲ್ಕು ಮನೆ ಕಟ್ಟಿದ ಬೀದಿಯಲ್ಲಿ ದಾರಿ ತಪ್ಪಿ ನಿಂತಿದ್ದರು. ಡಾಕ್ಟರು ಸ್ಕ್ಯಾನ್ ಮಾಡಿಸಿ ಆಲ್ಜೈಮರ್ಸ್ ಅಂದರು. ನಾನು ಅಷ್ಟೇನೂ ಹೆದರಲಿಲ್ಲ. ಕೇಳಿದ್ದನ್ನೇ ಕೇಳುತ್ತಿದ್ದರು, ಹಾಕಿಕೊಂಡ ಅಂಗಿಯ ಮೇಲೆ ಇನ್ನೊಂದು ಅಂಗಿ ಹಾಕುತ್ತಿದ್ದರು. ಆದರೂ ‘ಕೆಂಪಿ’ ಅಂತ ನನ್ನನ್ನು ಹೆಸರು ಹಿಡಿದು ಕರೆಯುತ್ತಿದ್ದರಲ್ಲ, ಅಷ್ಟು ಸಾಕಾಗಿತ್ತು. ಬಟ್ಟೆಯಲ್ಲೇ ಒಂದಕ್ಕೆ ಹೋಗುವುದು ಶುರುವಾದ ಮೇಲೆ ನಾನು ಸೋತೆ.

ಅದೇ ಹೊತ್ತಿಗೆ ಮಗಳು ಪುಷ್ಪ ಚೊಚ್ಚಲ ಬಾಣಂತನಕ್ಕೆ ಪುಟ್ಟೇನಹಳ್ಳಿಯ ನಮ್ಮ ಮನೆಗೆ ಬಂದಳು. ಬಸುರಿಯನ್ನು ನೋಡಿಕೊಳ್ಳಬೇಕು, ದಿನಾ ಇವರ ಹಾಸಿಗೆ ಒಗೆಯಬೇಕು. ಕೈ ಎರಡೇ. ನಾನೊಂದು ಉಪಾಯ ಮಾಡಿದೆ. ಮಧ್ಯಾಹ್ನದ ಊಟವಾದ ಮೇಲೆ ಇವರಿಗೆ ನೀರು ಕೊಡುವುದನ್ನು ನಿಲ್ಲಿಸಿದೆ. ಕೇಳಿದರೆ, “ಈಗ ತಾನೇ ಕುಡಿದ್ರಲ್ಲ” ಅನ್ನುತ್ತಿದ್ದೆ.

ನಂಬುತ್ತಿದ್ದರು.

ಹೌದಾ ಅಂತ ತಲೆಯಾಡಿಸಿ, ಒಣಗಿದ ತುಟಿ ಸವರಿಕೊಂಡು ಸುಮ್ಮನೆ ಕೂರುತ್ತಿದ್ದರು. ಹಾಸಿಗೆ ಒಣಗಿರುತ್ತಿತ್ತು. ನಾನು ಗೆದ್ದೆ ಅಂದುಕೊಂಡೆ.

ಒಂದು ಬೆಳಿಗ್ಗೆ ಇವರ ಕಣ್ಣೇ ಬೇರೆಯಾಗಿತ್ತು. ಮೈ ನಡುಗುತ್ತಿತ್ತು. ಯಾರ ಯಾರನ್ನೋ ಕೂಗಿ ಸಿಮೆಂಟು ಕೇಳಿದರು. ಪುಷ್ಪ ಗೋಡೆಗೊರಗಿ ಕಾಲು ಚಾಚಿ ಕೂತಿದ್ದಳು, ಎಂಟು ತಿಂಗಳು ಅವಳಿಗೆ. “ಗೋಡೆ ಬೀಳ್ತಾ ಐತೆ, ಆಚೆಗ್ ಬಾ” ಅಂತ ಅವಳ ತೋಳು ಹಿಡಿದು ಎಳೆದರು.

ಅವಳು ಮಂಡಿಯೂರಿ ಬಿದ್ದಳು.

ಆಸ್ಪತ್ರೆಯಲ್ಲಿ ಸ್ಕ್ಯಾನಿಂಗ್ ಮಾಡಿ ಮಗುವಿಗೆ ಏನೂ ಆಗಿಲ್ಲ ಅನ್ನುವವರೆಗೆ ನನಗೆ ಉಸಿರೇ ಇರಲಿಲ್ಲ. ಗೊರಗುಂಟೆಪಾಳ್ಯದಿಂದ ಅಳಿಯ ರವಿ ಓಡಿ ಬಂದರು. ಎಂದೂ ಎದುರು ಮಾತಾಡಿದವರಲ್ಲ.

“ಬೇಜಾರ್ ಮಾಡ್ಕೋಬೇಡಿ ಅತ್ತೆ. ಮಾವ ಇರೋ ಮನೇಲಿ ಮಗೂನ ಬಿಡೋಕೆ ನಂಗೆ ಧೈರ್ಯ ಇಲ್ಲ.”

ಪುಷ್ಪ ಅವರ ಮಾತಿಗೆ ತಲೆಯಾಡಿಸಿದಳು. ಅವಳೂ ಹೆದರಿದ್ದಳು. ಇಂಥವರನ್ನು ಇಟ್ಟುಕೊಳ್ಳುವ ಜಾಗ ಎಲ್ಲಿದೆ ಅಂತ ಕೇಳಲೆಂದೇ ಮಾರನೆಯ ದಿನ ಇವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ರವಿಯೂ ಜೊತೆಗೆ ಬಂದರು.

ಹೋದ ವಾರ ಹೇಗಿದ್ದರು ಅಂತ ಡಾಕ್ಟರು ಕೇಳಿದರು. ಚೆನ್ನಾಗಿಯೇ ಇದ್ದರು ಅಂದೆ.

“ಮರೆವಿನ ಕಾಯಿಲೆ ಎರಡು ದಿನದಲ್ಲಿ ಹೀಗೆ ಏರಲ್ಲಮ್ಮ. ಬೇರೆ ಏನೋ ಇದೆ. ನೀರು ಸರಿಯಾಗಿ ಕುಡೀತಾರಾ?”

“ಕುಡೀತಾರೆ” ಅಂದೆ.

ಸುಳ್ಳು ಹೇಳಿದೆ. ಅಳಿಯ ಪಕ್ಕದಲ್ಲಿದ್ದರು, ನಿಜ ಹೇಳಲು ಬಾಯಿ ಬರಲಿಲ್ಲ.

ಯೂರಿನ್ ಟೆಸ್ಟಿನಲ್ಲಿ ಇನ್‌ಫೆಕ್ಷನ್ ಬಂತು. ಅಡ್ಮಿಟ್ ಮಾಡಿ ಡ್ರಿಪ್ ಹಾಕಿದರು. ಮಾರನೆಯ ದಿನ ಡಾಕ್ಟರು ಕೂರಿಸಿಕೊಂಡು ಬಿಡಿಸಿ ಹೇಳಿದರು. “ಮಿದುಳಲ್ಲೂ ಕಾವಲಿನ ಕಣಗಳಿರ್ತವೆ. ಈ ಕಾಯಿಲೆ ಇರೋರಲ್ಲಿ ಅವು ಮೊದಲೇ ಕೆರಳಿರ್ತವೆ. ಮೈಯಲ್ಲಿ ಎಲ್ಲೇ ಇನ್‌ಫೆಕ್ಷನ್ ಆದ್ರೂ ಆ ಸುದ್ದಿ ರಕ್ತದಲ್ಲಿ ಅಲ್ಲಿಗೆ ಮುಟ್ಟುತ್ತೆ. ಆಗ ಅವು ಇನ್ನೂ ರೇಗಿ, ತಾವು ಕಾಯ್ಬೇಕಾದ ನರಗಳಿಗೇ ಏಟು ಕೊಡ್ತವೆ. ಇನ್‌ಫ್ಲಮೇಷನ್ ಅಂತೀವಿ.”

ಬಾವು ಬಂದರೆ ಮೈ ಬಿಸಿಯಾಗುವುದು ನನಗೆ ಗೊತ್ತು. ಮೂತ್ರದ ಬಾವು ತಲೆಯೊಳಗೆ ಇಷ್ಟು ದೊಡ್ಡ ಗಲಾಟೆ ಎಬ್ಬಿಸುತ್ತದೆ ಅಂತ ಯಾರಿಗೆ ಗೊತ್ತಿತ್ತು? ಇವರಿಗೆ ಬಾಯಾರಿಕೆ ಆಗಿತ್ತು, ಬಾಯಿಬಿಟ್ಟು ಕೇಳಿದ್ದರು. ಇವರ ಮರೆವನ್ನೇ ಹಿಡಿದುಕೊಂಡು ನಾನು ಇವರ ಬಾಯಿ ಮುಚ್ಚಿಸಿದ್ದೆ.

ಅಲ್ಲೇ ಎಲ್ಲ ಹೇಳಿಬಿಟ್ಟೆ. ರವಿಯ ಎದುರಿಗೇ.

ಡಾಕ್ಟರು ಬೈಯಲಿಲ್ಲ. ಮೂತ್ರದ ದಾರಿಯ ಪ್ರಾಸ್ಟೇಟ್ ಗ್ರಂಥಿಯೂ ದಪ್ಪವಾಗಿದೆ, ನೀರು ಕಡಿಮೆಯಾದದ್ದೊಂದೇ ಇನ್‌ಫೆಕ್ಷನ್ನಿಗೆ ಕಾರಣ ಅನ್ನಲಾಗದು, ಆದರೆ ಇನ್ನು ಯಾವತ್ತೂ ನೀರು ತಪ್ಪಿಸಬೇಡಿ ಅಂದರು. ಹೋಗಿದ್ದೆಲ್ಲ ವಾಪಸ್ ಬರುತ್ತದಾ ಅಂತ ಕೇಳಿದೆ. ಸ್ವಲ್ಪ ಬರುತ್ತದೆ, ಎಲ್ಲ ಬರುವುದಿಲ್ಲ ಅಂದರು.

ರವಿ ನನ್ನನ್ನು ಕಾರಿಡಾರಿನ ಬೆಂಚಿನ ಮೇಲೆ ಕೂರಿಸಿದರು. ಆಮೇಲೆ, “ನೀವೊಬ್ರೇ ಎಷ್ಟೂಂತ ಮಾಡ್ತೀರ ಅತ್ತೆ. ನಮಗೊಂದು ಮಾತು ಹೇಳ್ಬಾರ್ದಿತ್ತಾ” ಅಂದರು. ಕಳಿಸುವ ಮಾತು ಅವತ್ತಿಗೆ ನಿಂತಿತು.

ವಾರ ಕಳೆಯುವಷ್ಟರಲ್ಲಿ ಗೋಡೆ ಬೀಳುವುದು ನಿಂತಿತು. ಪುಷ್ಪಳನ್ನು ನೋಡಿ “ಊಟ ಆಯ್ತೇನವ್ವ” ಅಂದರು. ನನ್ನ ಹೆಸರು ಮಾತ್ರ ಬರಲಿಲ್ಲ. ಇವತ್ತಿನವರೆಗೂ ಬಂದಿಲ್ಲ. ಅಕ್ಕ ಅನ್ನುತ್ತಾರೆ, ಒಮ್ಮೊಮ್ಮೆ ಅಮ್ಮ ಅನ್ನುತ್ತಾರೆ. ಅದು ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ಇದೆ, ಇರುತ್ತದೆ.

ಹೆರಿಗೆಯಾಯಿತು. ರವಿ ಎರಡು ಡೈಪರ್ ಪ್ಯಾಕೆಟ್ ತಂದರು, ತೀರಾ ಸಣ್ಣದೊಂದು, ತೀರಾ ದೊಡ್ಡದೊಂದು. “ಒಂದು ಮಾವಂಗೆ, ಒಂದು ಮಗಳಿಗೆ. ಅದಲುಬದಲು ಮಾಡ್ಬೇಡಿ ಅತ್ತೆ.” ಎಷ್ಟು ದಿನದ ಮೇಲೆ ನಕ್ಕೆನೋ. ಪುಷ್ಪ ಮಾತ್ರ ಒಂದು ತಿಂಗಳು ಕೋಣೆಯಲ್ಲೇ ಊಟ ಮಾಡಿದಳು, ಬಾಗಿಲು ಮುಂದೆ ಮಾಡಿಕೊಂಡು. ತಟ್ಟೆ ನಾನೇ ಒಳಗೆ ಕೊಡುತ್ತಿದ್ದೆ. ಅವಳ ಮಂಡಿಯ ಕಲೆ ನಾನೂ ನೋಡಿದ್ದೆ.

ನಿನ್ನೆ ತಾನಾಗಿಯೇ ಬಂದು ಮಗುವನ್ನು ಇವರ ತೊಡೆಗೆ ಕೊಟ್ಟಳು.

ಸಂಜೆ ನೆಂಟರೆಲ್ಲ ಹೋದ ಮೇಲೆ ಹಾಲ್‌ನಲ್ಲಿ ಚಾಪೆ ಹಾಸಿ ಊಟಕ್ಕೆ ಕೂತೆವು. ಉಳಿದ ಒಬ್ಬಟ್ಟು, ಅನ್ನ, ಕಾಳಿನ ಸಾರು. ಬಾಣಂತಿಗೆ ಬೆಳ್ಳುಳ್ಳಿ ಸಾರು. ಪುಷ್ಪ ತನ್ನ ತಟ್ಟೆ ತಂದು ಅಪ್ಪನ ಪಕ್ಕದಲ್ಲಿಟ್ಟು, ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಕೂತಳು.

“ಯಾರ್ದು ಮಗು?” ಇವರು ಕೇಳಿದರು.

“ನಿಮ್ಮ ಮೊಮ್ಮಗಳು ಮಾವ” ಅಂದರು ರವಿ.

ಎರಡು ತುತ್ತು ತಿಂದು ಮತ್ತೆ ಕೇಳಿದರು. ರವಿ ಮತ್ತೆ ಹೇಳಿದರು. ಊಟ ಮುಗಿಯುವಷ್ಟರಲ್ಲಿ ಅದೆಷ್ಟು ಸಲವೋ. ಒಂದೊಂದು ಸಲವೂ ಇವರಿಗೆ ಅದು ಹೊಸ ಸುದ್ದಿ, ಒಂದೊಂದು ಸಲವೂ ಮುಖ ಅರಳುತ್ತಿತ್ತು. ಸಾರು ಆರುತ್ತೆ ತಿನ್ನಪ್ಪ ಅಂತ ಪುಷ್ಪ ಇವರ ತಟ್ಟೆಯ ಅನ್ನ ಕಲಸಿಕೊಟ್ಟಳು.