ಶಂಕ್ರಪ್ಪ ಕಾಕಾ ಅವರ ಇಂಗ್ಲಿಷ್ ತಟ್ಟೆಗಳು

ಕೊಲ್ಲಿ ದೇಶದ ಖೈತಾನ್ ಬಡಾವಣೆಯ ಆ ಕೋಣೆಯಲ್ಲಿ ಏಸಿ ಇದ್ದದ್ದು ಶಂಕ್ರಪ್ಪ ಕಾಕಾ ಅವರಿಗಲ್ಲ, ಅವರ ಗ್ರಾಮಫೋನ್ ತಟ್ಟೆಗಳಿಗೆ. ತಣ್ಣನೆ ಗಾಳಿ ಬೀಳುವ ಗೋಡೆಗೆ ಕಪಾಟು, ಬಿಸಿಲು ಬಡಿಯುವ ಕಿಟಕಿಯ ಪಕ್ಕ ಅವರ ಮಂಚ. ಊರವರ ಏಸಿಯೆಲ್ಲ ರಿಪೇರಿ ಮಾಡುವ ಮನುಷ್ಯ ಬನಿಯನ್ ಹಾಕಿಕೊಂಡು ಬೆವರುತ್ತ ಕೂತಿರುತ್ತಿದ್ದರು. ಕೇಳಿದರೆ, "ನನಗ ಬೆವರ ಬಂದ್ರ ಒರಸ್ಕೋತೀನಿ ತಮ್ಮಾ. ಅವು ಒಮ್ಮೆ ಡೊಂಕಾದ್ರ ಮುಗೀತು," ಎನ್ನುತ್ತಿದ್ದರು.

ಅವರು ಗದಗ ಕಡೆಯವರು, ನಾನು ಪುತ್ತೂರಿನ ಬ್ಯಾರಿ. ಅವರ ಕಟ್ಟಡದ ಕೆಳಗೇ ನನ್ನ ಕಾರ್ಗೋ ಅಂಗಡಿ. ಇಲ್ಲಿನವರು ಊರಿಗೆ ಕಳಿಸುವ ಪೆಟ್ಟಿಗೆಗಳನ್ನು ಸಾಗಿಸುವುದು ನನ್ನ ಕಸುಬು.

ತಟ್ಟೆ ಕೊಟ್ಟವನು ಒಬ್ಬ ಮುದಿ ಇಂಗ್ಲಿಷ್ ಇಂಜಿನಿಯರ್. ಅವನ ಮನೆಯ ಏಸಿಯನ್ನು ಕಾಕಾ ವರ್ಷಗಟ್ಟಲೆ ನೋಡಿಕೊಂಡಿದ್ದರು. ಕೆಲಸ ಮುಗಿದ ಮೇಲೂ ಬಾಗಿಲ ಬಳಿ ನಿಂತು ಸಂಗೀತ ಕೇಳುತ್ತಿದ್ದರಂತೆ. ದೇಶ ಬಿಡುವಾಗ ಅವನು ಇನ್ನೂರು ಚಿಲ್ಲರೆ ತಟ್ಟೆಗಳನ್ನೂ ಹಳೆಯ ಪ್ಲೇಯರನ್ನೂ ಇವರಿಗೇ ಕೊಟ್ಟುಹೋದ. ಎಲ್ಲ ನೂರು ವರ್ಷದ ಹಿಂದೆ ಇಂಗ್ಲೆಂಡಿನವರು ರಚಿಸಿದ ಸಂಗೀತ: ಕೆಲವು ದೊಡ್ಡ ವಾದ್ಯಮೇಳದವು, ಕೆಲವು ನಾಲ್ಕೇ ಜನ ಪಿಟೀಲು, ಚೆಲ್ಲೋ ಹಿಡಿದು ನುಡಿಸಿದವು. ಇಂಗ್ಲಿಷ್ ಓದಲು ಬಾರದ ಕಾಕಾ ಒಂದೊಂದಕ್ಕೂ ತಮ್ಮದೇ ಹೆಸರಿಟ್ಟಿದ್ದರು: 'ರಾಶಿ ಮುಗದ ಸಂಜಿ', 'ತಂಗಿ ಗಂಡನ ಮನಿಗೆ ಹೋದದ್ದು', 'ದಂಡಿನಿಂದ ಬಾರದಾವ'. "ದೊಡ್ಡ ಯುದ್ಧಕ್ಕ ಮೊದಲ ಬರದದ್ದ ಬ್ಯಾರೆ, ಆಮ್ಯಾಲ ಬರದದ್ದ ಬ್ಯಾರೆ. ಮಗ ಹೋದ ಮನಿ ಯಾವ್ದು ಅಂತ ಕೇಳಿದ್ರ ಗೊತ್ತಾಕ್ಕೈತಿ," ಎನ್ನುತ್ತಿದ್ದರು.

ನನಗೆ ಗೊತ್ತಾಗುತ್ತಿರಲಿಲ್ಲ, ಸುಳ್ಳೇಕೆ ಹೇಳಲಿ. ಒಂದು ಶುಕ್ರವಾರ ಚಾ ಕುಡಿಯಲು ಹೋದವನು, "ಇದೆಲ್ಲ ಮೊಬೈಲಲ್ಲೇ ಸಿಗ್ತದಲ್ಲ ಕಾಕಾ, ಈ ಭಾರ ಯಾಕೆ ಹೊತ್ಕೊಂಡಿದ್ದೀರಿ?" ಎಂದೆ. ಅವರು ಎದ್ದು, ತಟ್ಟೆಯ ಮೇಲೆ ಮುಳ್ಳು ಇಟ್ಟು, ನನ್ನನ್ನು ಸ್ಪೀಕರಿನ ಹತ್ತಿರ ಎಳೆದರು. ಪಿಟೀಲು ಶುರುವಾಗುವ ಮೊದಲು ಯಾರೋ ಮೂಗಿನಿಂದ ಉಸಿರೆಳೆದುಕೊಂಡ ಸದ್ದು. "ಕೇಳ್ತೇನ? ಅಂವ ಸತ್ತು ಎಷ್ಟ ವರ್ಷ ಆತೋ ಏನೋ, ಇನ್ನೂ ಉಸಿರಾಡಾಕತ್ತಾನ ನೋಡ!" ಆ ದಿನ ಒಂದು ಬದಿ ಪೂರ್ತಿ ಕೇಳಿಯೇ ಎದ್ದೆ. ಚಾ ಆರಿ ತಣ್ಣಗಾಗಿತ್ತು.

ಅರವತ್ತು ದಾಟಿದ ಮೇಲೆ ಅವರ ಕಫೀಲ್, ಅಂದರೆ ಕೆಲಸಕ್ಕಿಟ್ಟುಕೊಂಡ ಅರಬ ಧಣಿ, ಇಕಾಮಾ ಎಂಬ ವಾಸದ ಪರವಾನಗಿಯನ್ನು ನವೀಕರಿಸಲು ಒಪ್ಪಲಿಲ್ಲ. ಖಲಾಸ್ ಎಂದುಬಿಟ್ಟ. ಕಾಕಾ ಬಟ್ಟೆಬರೆಯ ಚಿಂತೆ ಬಿಟ್ಟು, ಆರು ಪೆಟ್ಟಿಗೆಗಳಲ್ಲಿ ತಟ್ಟೆಗಳನ್ನು ನಿಲ್ಲಿಸಿ, ನಡುನಡುವೆ ರಟ್ಟು ಕೊಟ್ಟು, ತಾವೇ ದಾರ ಬಿಗಿದರು. "ತಮ್ಮಾ, ನೆಟ್ಟಗ ನಿಮ್ಮ ಏಸಿ ಗೋದಾಮಿಗೆ ಒಯ್ಯಿ. ಜುಲೈ ತಿಂಗಳೈತಿ. ವ್ಯಾನಿನ್ಯಾಗ ಅರ್ಧಾ ತಾಸೂ ಬಿಡಬ್ಯಾಡ."

"ಅದು ನನ್ನ ಜವಾಬ್ದಾರಿ ಕಾಕಾ, ನೀವು ಆರಾಮದಲ್ಲಿ ಹೋಗಿ," ಎಂದೆ.

ಅವರು ವಿಮಾನ ಹತ್ತಿದ ಮರುದಿನ ಶುಕ್ರವಾರ. ಪೆಟ್ಟಿಗೆಗಳನ್ನು ವ್ಯಾನಿಗೆ ಹೇರುವಷ್ಟರಲ್ಲಿ ಜುಮಾ ನಮಾಜಿನ ಹೊತ್ತಾಯಿತು. ಗೋದಾಮು ಮುಚ್ಚಿತ್ತು. ನಮಾಜು ಮುಗಿಸಿ ಮೈದಾನ್ ಹವಲ್ಲಿಯ ನೆಂಟರ ಮನೆಗೆ ಊಟಕ್ಕೆ ಹೋದೆ. ನಮ್ಮ ಕಾರ್ಗೋದವರ ಕಣ್ಣಿಗೆ ಎಲ್ಲ ಪೆಟ್ಟಿಗೆಯೂ ಒಂದೇ, ಹಾಲಿನ ಪುಡಿ ಮತ್ತು ಕಂಬಳಿ. ಬಿರಿಯಾನಿ ಉಂಡು, ಹರಟೆ ಹೊಡೆದು ಮೂರು ಗಂಟೆ ಬಿಟ್ಟು ಹೊರಬಂದೆ. ಬಯಲಲ್ಲಿ ನಿಂತಿದ್ದ ವ್ಯಾನಿನ ಹಿಡಿ ಮುಟ್ಟಿದಾಗ ಕೈ ಸುಟ್ಟಿತು, ಆಗ ನೆನಪಾಯಿತು. ಒಂದು ಪೆಟ್ಟಿಗೆ ಬಿಚ್ಚಿದೆ. ತಟ್ಟೆಗಳ ಅಂಚು ಎಣ್ಣೆಗೆ ಬಿಟ್ಟ ಹಪ್ಪಳದ ಹಾಗೆ ಏರಿಳಿದಿತ್ತು. ಆ ಬಯಲಲ್ಲೇ ನಿಂತು ಅತ್ತುಬಿಡುವ ಹಾಗಾಯಿತು. ಆದರೆ ಮಾಡಿದ್ದೇನು? ಮತ್ತೆ ಟೇಪು ಹಚ್ಚಿ ಊರಿಗೆ ಕಳಿಸಿಬಿಟ್ಟೆ.

ಹದಿನೈದು ದಿನಕ್ಕೆ ಕಾಕಾ ಫೋನ್ ಮಾಡಿದರು. ಬೈದರೆ ಒಪ್ಪಿಕೊಳ್ಳುವುದೆಂದು ನಿಶ್ಚಯಿಸಿದ್ದೆ. ಅವರ ದನಿ ಸಣ್ಣಗಿತ್ತು. "ಎಲ್ಲಾ ಡೊಂಕಾಗ್ಯಾವ ತಮ್ಮಾ. ದಾರ ಭಾಳ ಬಿಗದ್ನೆಪಾ ನಾನು. ನನ್ನ ಕೈಯಾರೆ ಕೆಡಿಸಿದೆ." ಬಿಸಿಲಿನ ಗುಣ ಬಲ್ಲ ಆ ಮನುಷ್ಯ, ನನ್ನ ಮಾತಿನ ಮೇಲೆ ಪಡಬೇಕಾದ ಅನುಮಾನವನ್ನು ತಮ್ಮ ಗಂಟಿನ ಮೇಲೆ ಪಟ್ಟಿದ್ದರು.

"ಇರಬಹುದು ಕಾಕಾ, ಸ್ವಲ್ಪ ಬಿಗಿಯೇ ಆಗಿತ್ತು," ಎಂದೆ.

ಹೌದು, ಹಾಗೆಂದೆ. ನಾಚಿಕೆಯಾಗುತ್ತದೆ. ಆಮೇಲೆ ಎಷ್ಟೋ ಸಲ ನಿಜ ಹೇಳಲೆಂದೇ ಫೋನ್ ಮಾಡಿ, ಅವರ ಮೊಣಕಾಲು ನೋವು, ಊರಿನ ಮಳೆ, ಮಗಳ ನೌಕರಿ ಎಲ್ಲ ವಿಚಾರಿಸಿ ಇಟ್ಟುಬಿಡುತ್ತಿದ್ದೆ.

ಕಳೆದ ತಿಂಗಳು ಅವರ ಮಗಳೇ ಕರೆ ಮಾಡಿದಳು. ಕಾಕಾ ತೀರಿಕೊಂಡು ಮೂರು ದಿನವಾಗಿತ್ತು. "ಆ ತಟ್ಟಿ ಕಂಡಾಗೊಮ್ಮೆ ನಾನ ಕೆಡಿಸಿದೆ, ನಾನ ಕೆಡಿಸಿದೆ ಅಂತಿದ್ರು ಅಪ್ಪಾ. ಈಗ ಅವನ್ನ ಒಗದ್ಬಿಡೂಣೇನ್ರಿ?" ಎಂದು ಕೇಳಿದಳು.

"ಕೆಡಿಸಿದ್ದು ನಿಮ್ಮ ಅಪ್ಪ ಅಲ್ಲಮ್ಮ, ನಾನು. ವ್ಯಾನಲ್ಲಿ ಬಿಸಿಲಿಗೆ ಬಿಟ್ಟಿದ್ದೆ," ಎಂದೆ.



"ನನಗ್ಯಾಕ ಹೇಳಾಕತ್ತೀರಿ?" ಎಂದಳು. "ಅವ್ರಿಗೆ ಹೇಳಬೇಕಿತ್ತಲ್ರಿ."