‘ಇಲ್ಲ’ ಎನ್ನಲು ಕಲಿಯದ ಪರದೆ

ನಮ್ಮ ಮನೆಯಲ್ಲಿ ಜೋಳ ತೀರಿದರೆ ‘ಜೋಳ ಇಲ್ಲ’ ಎನ್ನುವಂತಿರಲಿಲ್ಲ, ‘ತುಂಬ್ಯಾವ’ ಎನ್ನಬೇಕು. ಹೊರಟವರು ‘ಹೋಗ್ತೀನಿ’ ಎನ್ನದೆ ‘ಬರ್ತೀನಿ’ ಎಂದೇ ಹೋಗಬೇಕು. ಇಲ್ಲದಿದ್ದರೆ ಅಪಶಕುನ. ಅಜ್ಜಿಯ ಪಕ್ಕದಲ್ಲಿ ಕೂತು ಮಾತು ಕಲಿತವನು ನಾನು. ‘ಇಲ್ಲ’ ಬಾಯಿಗೆ ಬಂದರೂ ನುಂಗಿಕೊಳ್ಳುವುದು ರೂಢಿಯಾಗಿತ್ತು. ಆ ರೂಢಿಯನ್ನು ಕಂಪ್ಯೂಟರಿಗೂ ಕಲಿಸಿಬಿಟ್ಟೆ.

ಎರಡು ಸಾವಿರದ ದಶಕದ ನಡುವಿನ ಮಾತು. ರೋಣ, ನರಗುಂದ, ಗಜೇಂದ್ರಗಡ ಮೂರೂ ಕಡೆ ಶಾಖೆಯಿದ್ದ ಒಂದು ಖಾಸಗಿ ದವಾಖಾನೆಗೆ ನಾನು ಜಾವಾ ಎಂಬ ಕಂಪ್ಯೂಟರ್ ಭಾಷೆಯಲ್ಲಿ ತಂತ್ರಾಂಶ ಬರೆದುಕೊಟ್ಟಿದ್ದೆ. ಯಾವ ರೋಗಿಗೆ ಯಾವ ಔಷಧ ಒಗ್ಗದು ಎಂದು ಹುಡುಕಿಕೊಡುವ ಭಾಗ ಗಜೇಂದ್ರಗಡದ ಮುಖ್ಯ ಕಂಪ್ಯೂಟರಾದ ಸರ್ವರಿನಲ್ಲಿತ್ತು. ಉಳಿದೆರಡು ಊರಿನ ಕಂಪ್ಯೂಟರುಗಳು ಫೋನಿನ ತಂತಿಯ ಮೇಲೆ ಅದನ್ನು ಹೆಸರು ಹಿಡಿದು ಕೇಳಬೇಕು; ರೋಗಿಯ ಹೆಸರಲ್ಲ, ಆ ಭಾಗಕ್ಕೆ ನಾನಿಟ್ಟ ಹೆಸರು. ಊರಬಾಗಿಲ ಅಗಸಿಕಟ್ಟೆಯ ಮೇಲೆ ಕೂತವರನ್ನು ‘ಇಂಥವರ ಮನಿ ಯಾವುದ್ರಿ’ ಎಂದು ಕೇಳಿದ ಹಾಗೆ. ಸರ್ವರಿನ ಪಟ್ಟಿಯಲ್ಲಿ ಆ ಹೆಸರಿದ್ದರೆ ದಾರಿ ಸಿಗುತ್ತದೆ. ಒಂದಕ್ಷರ ಬೇರೆಯಾದರೂ ಮುಗಿಯಿತು.

ಮೊದಮೊದಲು ಹೆಸರು ಸಿಗದಾಗ ಪರದೆಯ ತುಂಬ ಇಂಗ್ಲಿಷ್ ಸಾಲುಗಳು ಸುರಿಯುತ್ತಿದ್ದವು. ನರಗುಂದದ ಹಳೆಯ ಕಂಪೌಂಡರ್ ಕಾಕಾ ಫೋನ್ ಮಾಡುತ್ತಿದ್ದರು.

“ಏನೋ ತಮ್ಮಾ, ನಿನ್ನ ಪೆಟ್ಟಿಗಿ ಮುಂಜಾನಿಂದ ನನಗ ಬೈಯಾಕ ಹತ್ತೈತಿ. ಎದುರಿಗೆ ಪೇಶಂಟ್ ಕುಂತಾರ, ಮರ್ಯಾದಿ ಹೋಗ್ತೈತಲೋ!”

“ಆತ್ರಿ ಕಾಕಾ, ಅದರ ಬಾಯಿ ಮುಚ್ಚಸ್ತೀನಿ.”

ಮುಚ್ಚಿಸಿದೆ. ಹೆಸರು ಸಿಗದಿದ್ದರೆ ಏನೂ ಅನ್ನದೆ ಆ ಜಾಗ ಖಾಲಿ ಬಿಡುವಂತೆ ಬರೆದೆ.

ಒಂದು ಶನಿವಾರ ಸರ್ವರಿನಲ್ಲಿ ಆ ಭಾಗದ ಹೆಸರು ಬದಲಾಯಿಸಿದೆ. ರೋಣಕ್ಕೆ ಹೋಗಿ ಅಲ್ಲಿಯ ಕಂಪ್ಯೂಟರಿಗೆ ಹೊಸ ಹೆಸರು ಹೇಳಿಬಂದೆ. ನರಗುಂದಕ್ಕೆ ಸೋಮವಾರ ಹೋದರಾಯಿತು ಎಂದುಕೊಂಡೆ.

ರವಿವಾರ ಮುಂಜಾನೆ ಚಿಕ್ಕನರಗುಂದದ ಹೆಣ್ಣುಮಗಳೊಬ್ಬಳನ್ನು ಗಂಡ ನರಗುಂದದ ಶಾಖೆಗೆ ಕರೆತಂದ. ಜ್ವರದಲ್ಲಿ ಆಕೆಗೆ ಮಾತಿರಲಿಲ್ಲ. ಪೆನಿಸಿಲಿನ್ ಆಕೆಗೆ ಒಗ್ಗದೆಂದು ಕಾಕಾ ಅವರೇ ಎಂದೋ ರಿಜಿಸ್ಟರಿನಲ್ಲಿ ಬರೆದಿದ್ದರು. ಅದನ್ನು ಕಂಪ್ಯೂಟರಿಗೆ ಏರಿಸಿದವನು ನಾನು. ಡಾಕ್ಟರು ಪೆನಿಸಿಲಿನ್ ಚೀಟಿ ಬರೆದರು, ಕಾಕಾ ಪರದೆ ನೋಡಿದರು. ‘ಒಗ್ಗದ ಔಷಧ’ ಎಂಬುದರ ಮುಂದೆ ಖಾಲಿ. ಒಗ್ಗದ್ದು ಯಾವುದೂ ಇಲ್ಲ ಎಂದುಕೊಂಡರು. ಇಂಜೆಕ್ಷನ್ ಕೊಟ್ಟರು.

ಹುಬ್ಬಳ್ಳಿಗೆ ಒಯ್ಯುತ್ತಿದ್ದ ಜೀಪು ನವಲಗುಂದ ದಾಟುವ ಮೊದಲೇ ಆಕೆಯ ಜೀವ ಹೋಯಿತಂತೆ.

ಸೋಮವಾರ ನಾನು ಹೋದಾಗ ಕಾಕಾ ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಕಪಾಟು ತೆರೆದು ಹಳೆಯ ರಿಜಿಸ್ಟರು ತೋರಿಸಿದರು. ‘ಪೆನಿಸಿಲಿನ್’ ಎಂಬುದರ ಕೆಳಗೆ ಕೆಂಪು ಮಸಿಯಲ್ಲಿ ಗೆರೆ ಎಳೆದಿದ್ದರು.

“ಸಿಗಲಿಲ್ಲ ಅಂತ ಒಂದ್ ಮಾತ್ ಅನ್ನಬೇಕಿತ್ತೋ ತಮ್ಮಾ ಅದು. ಇದನ್ನ ತಗದು ನೋಡ್ತಿದ್ದೆ. ಎರಡು ಹೆಜ್ಜಿ ಅಷ್ಟ.”

ಅಲ್ಲೇ ಕೂತು, ಹೆಸರು ಸಿಗದಾಗ ಪರದೆಯ ಮೇಲೆ ಬರುವಂತೆ ದಪ್ಪಕ್ಷರದಲ್ಲಿ ಬರೆದೆ: ‘ಸಿಗಲಿಲ್ಲ. ರಿಜಿಸ್ಟರ್ ನೋಡಿರಿ.’ ಇನ್ನು ಯಾರಿಗಾಗಿ ಬರೆಯುತ್ತಿದ್ದೇನೆ ಎನಿಸಿತು.

ಬಾಗಿಲ ಬಳಿಯ ಬೆಂಚಿನ ಮೇಲೆ ಆಕೆಯ ಗಂಡ ಕೂತಿದ್ದ. ಹೆಂಡತಿಯ ಸಾವಿನ ಕಾಗದಕ್ಕೆ ಬಂದಿದ್ದನಂತೆ. ಕಂಪ್ಯೂಟರಿನ ಮುಂದಿಂದ ಎದ್ದ ನನ್ನನ್ನು ಕೇಳಿದ: “ಸಾಹೇಬ್ರ, ನಾವು ಬರಸಿದ್ದಿವಲ್ರಿ. ಕಂಪ್ಯೂಟರಿನ್ಯಾಗ ಇದ್ದಿದ್ದಿಲ್ಲೇನ್ರಿ?”

“ಇತ್ರಿ,” ಎಂದೆ.

ಗಜೇಂದ್ರಗಡದಲ್ಲಿ ಅಕ್ಷರ ಅಕ್ಷರವೂ ಹಾಗೇ ಇತ್ತು, ನರಗುಂದದ ಕಂಪ್ಯೂಟರ್ ಕೂಗಿದ ಹೆಸರಷ್ಟೇ ಹಳೆಯದು. ಇದನ್ನು ಹೇಗೆ ಹೇಳಲಿ? ಆತ ಎದ್ದು ಕಾಗದ ಮಡಚಿಕೊಂಡು, “ಬರ್ತೀನ್ರಿ” ಎಂದ.